ಕಣ್ಣು ಮುಚ್ಚಿ ನಡೆದವಳು

ಮಂಗಳಗೌರಿಗೆ ಮೊದಲು ಕೈಕೊಟ್ಟದ್ದು ಬಲಗಾಲು. ಹಾರೋಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಅವಳು ಅಂಗಿಗೆ ಕಾಲರ್ ಕೂರಿಸುವ ಸಾಲಿನಲ್ಲಿದ್ದಳು. ಒಂದು ಬೆಳಿಗ್ಗೆ ಮಿಷನ್ನಿನ ಪೆಡಲ್ ಮೇಲಿಟ್ಟ ಪಾದ ತನ್ನದೋ ಪಕ್ಕದವಳದೋ ತಿಳಿಯದಂತಾಯಿತು. ಒತ್ತು ಎಂದರೆ ಒತ್ತಲಿಲ್ಲ, ಬಿಡು ಎಂದರೆ ಬಿಡಲಿಲ್ಲ. ಹೊಲಿಗೆ ಅಡ್ಡಾದಿಡ್ಡಿ ಓಡಿ ಸೂಜಿ ಮುರಿಯಿತು. ಸೂಪರ್‌ವೈಸರ್ ಎಲ್ಲರೆದುರು ಬೈದ. ಏಳಲು ಹೋದವಳು ಎರಡು ಮಿಷನ್‌ಗಳ ನಡುವೆ ಕುಸಿದು ಕೂತಳು. ಬೆಳಿಗ್ಗೆ ಹೊಟ್ಟೆಗೆ ತಿಂದಿಲ್ಲ, ಅದಕ್ಕೇ ಹೀಗೆ ಎಂದು ಅಕ್ಕಪಕ್ಕದವರು ನೀರು ಕುಡಿಸಿದರು.

ಹಾರೋಹಳ್ಳಿಯ ಸುತ್ತ ಆಗ ಹಿಪ್ಪುನೇರಳೆ ತೋಟಗಳ ಪಕ್ಕದಲ್ಲೇ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಬೆಳಗಾಗುವುದರೊಳಗೆ ಕಾರ್ಖಾನೆಯ ವ್ಯಾನು ಊರಬಾಗಿಲಿಗೆ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ದೊಡ್ಡಆಲಹಳ್ಳಿಯಿಂದ ಸೊಸೆಯಾಗಿ ಬಂದ ಗೌರಿ, ಮಗಳು ನವ್ಯಶ್ರೀ ಮೊಲೆ ಬಿಟ್ಟ ಮೇಲೆ ಆ ವ್ಯಾನು ಹತ್ತಿದವಳು. ಗಂಡ ಜಯಕುಮಾರ್ ಅಲ್ಲೇ ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯಲ್ಲಿ ಶಿಫ್ಟ್ ಕೆಲಸಕ್ಕಿದ್ದ. ಮನೆ, ಹೊಲ, ರೇಷ್ಮೆ ಹುಳ ಎಲ್ಲವೂ ಅತ್ತೆ ಶಿವಲಿಂಗಮ್ಮನ ತಲೆಯ ಮೇಲಿತ್ತು.

ಕಾಲು ತಾನಾಗಿಯೇ ಸರಿಹೋಯಿತು. ಮರುವರ್ಷ ಒಂದು ಕಣ್ಣು ಮಂಜಾಯಿತು, ಅದೂ ಸರಿಹೋಯಿತು. ಆಮೇಲೆ ಒಂದು ದಿನ ಎರಡೂ ಕಾಲು ಬಿದ್ದುಹೋದವು. ಬಂದು ಹೋಗಿ ಬಂದು ಹೋಗಿ ಮಾಡುವ ಕಾಯಿಲೆಯನ್ನು ಊರು ನಂಬುವುದಿಲ್ಲ. ಗಾಳಿ ಎಂದರು, ಮನೆದೇವರ ಹರಕೆ ತಪ್ಪಿದೆ ಎಂದರು, ಮೈಗಳ್ಳತನ ಎಂದೂ ನಲ್ಲಿಯ ಹತ್ತಿರ ಮಾತಾಯಿತು. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು ಹೇಳಿದರು. "ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇರುತ್ತಲ್ಲ, ಹಾಗೆ ನರದ ಮೇಲೂ ಒಂದು ಹೊದಿಕೆ ಇರುತ್ತೆ. ಅದು ಅಲ್ಲಲ್ಲಿ ಕಿತ್ತುಹೋಗಿದೆ," ಎಂದು ಡಾಕ್ಟರು ಜಯಕುಮಾರನಿಗೆ ವಿವರಿಸಿದರು. ವಾಸಿಯಾಗುತ್ತದೆಯೇ ಎಂದು ಅವನು ಕೇಳಿದ. ಕೆಲವು ಸಲ ಹೆಚ್ಚುತ್ತದೆ, ಕೆಲವು ಸಲ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಊರಿಗೆ ಬಂದು ಅವನು ತಾಯಿಗೆ ಹೇಳಿದ್ದು ಆ ಕೊನೆಯ ಮಾತೊಂದನ್ನೇ.

ಶಿವಲಿಂಗಮ್ಮನ ಬಾಯಿ ಒರಟು, ಕೈ ಮೆದು. ನಡುಮನೆಯಲ್ಲಿ ಮಂಚ ಹಾಕಿಸಿ ಸೊಸೆಯನ್ನು ಮಲಗಿಸಿದಳು. ಹೆಗಲ ಮೇಲೆ ಹೊತ್ತು ಬಚ್ಚಲಿಗೆ ಕೊಂಡುಹೋದಳು. ಬಟ್ಟೆ ಕೆಟ್ಟಾಗ ಮುಖ ಸಿಂಡರಿಸದೆ ತೆಗೆದಳು. ಬೆನ್ನು ಹುಣ್ಣಾಗಬಾರದೆಂದು, ರಾತ್ರಿ ಹುಳಕ್ಕೆ ಸೊಪ್ಪು ಹಾಕಲು ಎದ್ದಾಗಲೆಲ್ಲ ಬಂದು ಮಗ್ಗುಲು ತಿರುಗಿಸಿ ಹೋದಳು. ಗೌರಿ ಸಂಕೋಚಪಟ್ಟರೆ, "ಸುಮ್ಕಿರಮ್ಮಿ, ನನ್ನೊಟ್ಟೇಲಿ ಉಟ್ಟಿದ್ರೆ ಬುಟ್ಬುಡ್ತಿದ್ನಾ," ಎನ್ನುತ್ತಿದ್ದಳು. ಶಿವಲಿಂಗಮ್ಮನಂಥ ಅತ್ತೆ ಈ ಸೀಮೆಯಲ್ಲಿ ಇಲ್ಲ ಎಂದು ಊರು ಆಡಿಕೊಂಡಿತು. ಆ ಮಾತು ಕಿವಿಗೆ ಬಿದ್ದ ದಿನ ಅವಳ ನಡಿಗೆಯಲ್ಲೇ ಒಂದು ಬಿಗಿ ಬರುತ್ತಿತ್ತು.

ಕನಕಪುರದ ಧರ್ಮಾಸ್ಪತ್ರೆಯೊಂದು ವಾರಕ್ಕೊಮ್ಮೆ ಹಳ್ಳಿಗಳಿಗೆ ಫಿಸಿಯೋಥೆರಪಿಸ್ಟ್ ಒಬ್ಬಳನ್ನು ಕಳಿಸುತ್ತಿತ್ತು. ಹೆಸರು ರಮ್ಯಾ. ಅವಳ ತಾತ ದೊಡ್ಡಹನುಮಯ್ಯ ಒಂದು ಕಾಲದಲ್ಲಿ ಇದೇ ಊರಿನ ಗೌಡರ ಹೊಲಗಳಲ್ಲಿ ದುಡಿದವನು. ಅದು ಶಿವಲಿಂಗಮ್ಮನಿಗೆ ಗೊತ್ತಿತ್ತು. ಕಾಫಿ ಕೊಡುವುದಕ್ಕೆ ಬೇರೆ ಲೋಟ ತೆಗೆದಿಟ್ಟಿದ್ದಳು. ರಮ್ಯಾ ಮೊದಲ ದಿನವೇ ಅದನ್ನು ನೋಡಿ, ತಾನು ಕಾಫಿ ಕುಡಿಯುವುದಿಲ್ಲ ಎಂದುಬಿಟ್ಟಳು. ಆದರೂ ಪ್ರತಿ ವಾರ ತಪ್ಪದೆ ಸ್ಕೂಟರಿನಲ್ಲಿ ಬಂದಳು. ಗೌರಿಯ ಕಾಲು ಮಡಿಸಿ, ಚಾಚಿ, ಒತ್ತಿಸಿ ವ್ಯಾಯಾಮ ಮಾಡಿಸಿದಳು. ಒಂದು ದಿನ ಕಾಲನ್ನು ಕೆಳಗಿಟ್ಟು ಹೇಳಿದಳು:

"ಅಕ್ಕ, ಈಗ ಕಾಲು ಎತ್ತಬೇಡಿ. ಎತ್ತೋದನ್ನ ಮನಸ್ಸಲ್ಲೇ ಮಾಡಿ."

"ಮನ್ಸಲ್ಲಿ ಎತ್ತುದ್ರೆ ಏನ್ ಬಂತವ್ವ?"

"ನಡೆಯೋದನ್ನ ಸರಿಯಾಗಿ ನೆನೆಸ್ಕೊಂಡ್ರೆ, ನಿಜವಾಗ್ಲೂ ನಡೆಯುವಾಗ ತಲೆಯಲ್ಲಿ ಯಾವ ಭಾಗ ಕೆಲಸ ಮಾಡುತ್ತೋ ಅದರಲ್ಲಿ ಎಷ್ಟೋ ಪಾಲು ಆಗಲೂ ಕೆಲಸ ಮಾಡುತ್ತೆ. ಯಾರೂ ಓಡಾಡದ ದಾರೀಲಿ ಗಿಡ ಬೆಳ್ಕೊಳ್ಳಲ್ವಾ? ಹಂಗಾಗಬಾರದು ಅಂತ. ಎಲ್ಲರಿಗೂ ಫಲ ಸಿಗುತ್ತೆ ಅಂತ ನಾನು ಹೇಳಲ್ಲ. ವ್ಯಾಯಾಮವನ್ನೂ ಬಿಡಂಗಿಲ್ಲ. ಸುಸ್ತಾದ್ರೆ ನಿಲ್ಲಿಸಿಬಿಡಿ."

ಗೌರಿ ಕಣ್ಣು ಮುಚ್ಚಿದಳು. ಹಸಿರು ಸೀರೆಯುಟ್ಟು ಬೀದಿಯಲ್ಲಿ ನಡೆಯುವ ತನ್ನ ಬೆನ್ನು ಕಂಡಿತು. ಹಾಗೆಂದು ಹೇಳಿದಾಗ ರಮ್ಯಾ ತಲೆಯಾಡಿಸಿದಳು. "ಟಿವಿಯಲ್ಲಿ ನೋಡ್ದಂಗೆ ನೋಡಬಾರದು. ನೀವೇ ಕಾಲೊಳಗೆ ಇರಬೇಕು. ಹಿಮ್ಮಡಿಗೆ ನೆಲ ತಣ್ಣಗೆ ತಾಕಬೇಕು, ಮಂಡಿ ಬಗ್ಗಬೇಕು, ಮೈಭಾರ ಆ ಕಾಲಿಂದ ಈ ಕಾಲಿಗೆ ಬರಬೇಕು."

ಎಷ್ಟು ದಿನ ಯತ್ನಿಸಿದರೂ ಅವಳಿಗೆ ಕಾಲೊಳಗೆ ಇಳಿಯಲು ದಾರಿ ಸಿಗಲಿಲ್ಲ. ಸೊಂಟದ ಕೆಳಗೆ ಹೋಗುತ್ತಿದ್ದಂತೆ ಎಲ್ಲ ಅಳಿಸಿಹೋಗುತ್ತಿತ್ತು. ಒಂದು ದಿನ ಸುಮ್ಮನೆ ಮಿಷನ್ನಿನ ಪೆಡಲ್ ನೆನಪಾಯಿತು. ಮುಂಗಾಲು ಒತ್ತಿದರೆ ಓಡುವುದು, ಹಿಮ್ಮಡಿ ಒತ್ತಿದರೆ ನಿಲ್ಲುವುದು, ಪಾದದಡಿಯ ಕಬ್ಬಿಣದ ಆ ಸಣ್ಣ ನಡುಕ. ಅಲ್ಲಿಂದ ಪಾದ ತೆರೆಯಿತು. ಪಾದದಿಂದ ಮಂಡಿಗೆ, ಮಂಡಿಯಿಂದ ತೊಡೆಗೆ ಬಂದಳು. ಲಯ ಹಿಡಿಯಲು ಗಡಿಯಾರದ ಸದ್ದು ಕೇಳಿ ಎಂದು ರಮ್ಯಾ ಹೇಳಿದ್ದಳು. ಗೌರಿಗೆ ಗಡಿಯಾರ ಬೇಕಾಗಲಿಲ್ಲ. ಮರಿಹುಳಕ್ಕೆಂದು ಶಿವಲಿಂಗಮ್ಮ ಬೆಳಿಗ್ಗೆ ಹಜಾರದಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ಆ ಕತ್ತಿಯ ಸದ್ದಿಗೆ ಒಂದೊಂದೇ ಹೆಜ್ಜೆ ಹಾಕಿ ಗೌರಿ ಮನಸ್ಸಿನೊಳಗೆ ಮಂಚದಿಂದ ಹೊಸಲಿಗೆ ನಡೆದಳು, ಹೊಸಲಿನಿಂದ ಮಂಚಕ್ಕೆ ಬಂದಳು. ಮುಗಿದ ಮೇಲೆ ಹೊಲ ಅಗೆದಂತೆ ಬೆವರುತ್ತಿದ್ದಳು.

"ಕೂತ್ಕಂಡೇ ನಿದ್ದೆ ಮಾಡ್ತಿದೀಯ?" ಎಂದು ಶಿವಲಿಂಗಮ್ಮ ಒಮ್ಮೆ ಕೇಳಿದಳು.

"ನಡೀತಾ ಇವ್ನಿ ಅತ್ತೆ."

"ನಡಿ ನಡಿ. ಅಂಗೇ ನಲ್ಲಿತಾವ್ಕೋಗಿ ಒಂದ್ ಬಿಂದ್ಗೆ ನೀರ್ ಇಡ್ಕಂಬಾ."

ಇಬ್ಬರೂ ನಕ್ಕರು.

ಸುಗ್ಗಿ ಮುಗಿಯುವ ಹೊತ್ತಿಗೆ ಗೌರಿ ಕಿಟಕಿಯ ಸರಳು ಹಿಡಿದು ನಿಂತಳು. ಆಮೇಲೆ ರಮ್ಯಾಳ ಹೆಗಲು ಹಿಡಿದು ಕೆಲವು ಹೆಜ್ಜೆ ಹಾಕಿದಳು. ಶಿವಲಿಂಗಮ್ಮ ಆಗ ಹುಳದ ಮನೆಯಲ್ಲಿ, ಗೂಡು ಕಟ್ಟಲು ಹಣ್ಣಾದ ಹುಳಗಳನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಕರೆದು ತೋರಿಸೋಣ ಎಂದು ರಮ್ಯಾ ಹೊರಟಳು. ಗೌರಿ ಅವಳ ಕೈ ಹಿಡಿದು ನಿಲ್ಲಿಸಿದಳು. ಎರಡು ಸಲ ವಾಸಿಯಾಗಿ ಎರಡು ಸಲ ಬಿದ್ದವಳು ಅವಳು. ಇಂದು ತೋರಿಸಿ ನಾಳೆ ಕಾಲು ಬಾರದಿದ್ದರೆ ಎಂಬ ಅಂಜಿಕೆ.

"ಒಸಿ ಗಟ್ಟಿ ಆಗ್ಲಿ ತಡಿ. ಆಮೇಲ್ ಯೋಳಾನ."

ಗಟ್ಟಿಯಾಗಲು ಅವಕಾಶ ಸಿಗಲಿಲ್ಲ. ಶಿವಲಿಂಗಮ್ಮನ ಅಣ್ಣ ಸಿದ್ದಯ್ಯ ಮಾಗಡಿ ಕಡೆಯ ತಿಪ್ಪಸಂದ್ರದಿಂದ ಬಂದವನು ನಡುಮನೆಯಲ್ಲೇ, ಗೌರಿಯ ಮಂಚದ ಪಕ್ಕದಲ್ಲೇ ಕೂತು ಮಾತು ತೆಗೆದ. ಕಾಲು ಬಿದ್ದವರಿಗೆ ಕಿವಿಯೂ ಇಲ್ಲ ಎಂಬಂತೆ ಮಾತಾಡಿದ.

"ಗಂಡಸು ಎಷ್ಟ್ ದಿನ ಹಿಂಗಿರ್ತನೆ? ಇವಳ್ನ ತವರಿಗೆ ಬುಟ್ಟು ಬರಾನ. ಮಗು ಇಲ್ಲೇ ಬೆಳ್ಕತದೆ. ನಮ್ಮೂರ್ ಕಡೆ ಒಂದ್ ಎಣ್ಣು ಐತೆ."

ಜಯಕುಮಾರ್ ನೆಲ ನೋಡಿದ. "ನೀವ್ ಎಂಗೇಳಿದ್ರೆ ಅಂಗೆ ಮಾವ."

ಶಿವಲಿಂಗಮ್ಮ ಸೊಂಟಕ್ಕೆ ಕೈಯಿಟ್ಟು, "ನನ್ ಕೈಲಾಗಗಂಟ ನೋಡ್ಕತೀನಿ. ನಾನ್ ಬಿದ್ದೋದ್ರೆ ಇವಳ್ನ ಎತ್ತೋರ್ಯಾರು?" ಎಂದಳು. ಅದರಲ್ಲಿ ಕೆಟ್ಟತನವಿರಲಿಲ್ಲ. ಅವಳ ಸೊಂಟವೇ ಆಗಲೇ ಬಾಗಿಹೋಗಿತ್ತು.

ಗೌರಿಗೆ ಹೊಡೆದದ್ದು ಎರಡನೇ ಹೆಣ್ಣಿನ ಮಾತಲ್ಲ, ಮಗಳನ್ನು ಬಿಟ್ಟುಹೋಗುವ ಮಾತು. ನವ್ಯಶ್ರೀ ಆಗಿನ್ನೂ ಒಂದನೇ ಕ್ಲಾಸು. ತವರಿನವರನ್ನು ಕರೆಸಿ ಭಾನುವಾರ ನ್ಯಾಯ ಕೂರಿಸುವುದೆಂದಾಯಿತು. ಅಲ್ಲಿಯವರೆಗೆ ಗೌರಿ ಬೇರೇನೂ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಮಂಚ ಇಳಿಯುವುದು, ಕಂಬದ ಬುಡದಲ್ಲಿ ನೆಲ ತಗ್ಗಾದ ಕಡೆ ಎಡಗಾಲು ಮೊದಲಿಡುವುದು, ಹೊಸಲಿಗೆ ಬಲಮಂಡಿ ಎತ್ತುವುದು, ಜಗಲಿಯ ಬಿಸಿಲಿಗೆ ಹೋಗುವುದು. ಊಟ ಮಾಡುವಾಗಲೂ ಒಳಗೆ ನಡೆಯುತ್ತಲೇ ಇದ್ದಳು.

ಆ ಭಾನುವಾರ ಜಗಲಿಯ ಮೇಲೆ ಸಿದ್ದಯ್ಯ, ಜಯಕುಮಾರ್, ಊರಿನ ಯಜಮಾನ ಚಿಕ್ಕಮರೀಗೌಡ ಮತ್ತು ದೊಡ್ಡಆಲಹಳ್ಳಿಯಿಂದ ಬಂದ ಗೌರಿಯ ಅಣ್ಣ ಲೋಕೇಶ್ ಕೂತಿದ್ದರು. ಲೋಕೇಶನ ದನಿ ಏರಿತ್ತು. "ಕೈಕಾಲ್ ನೆಟ್ಟಗಿರಗಂಟ ದುಡಿಸ್ಕಂಡ್ರಿ. ಈಗ ತವರು ಗ್ಯಾಪ್ಕ ಬಂತಾ? ನಾನೆಲ್ಲಿ ಇಕ್ಕಳ್ಳಿ ಇವಳ್ನ?"

ಒಳಗೆ ಗೌರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಂಚ ಇಳಿದಳು. ಕಂಬದವರೆಗೆ ಗೋಡೆ ಇತ್ತು. ಅಲ್ಲಿಂದಾಚೆ ಹಿಡಿಯಲು ಏನೂ ಇರಲಿಲ್ಲ. ಕಾಲು ನಡುಗಿದವು, ಆದರೆ ದಾರಿ ಗೊತ್ತಿದ್ದಂತೆ ಹೋದವು. ಹೊಸಲು ದಾಟಿ ಜಗಲಿಗೆ ಬಂದು ನಿಂತಳು.

"ನನ್ ಮಗೀನ ನಾನೇ ನೋಡ್ಕತೀನಿ. ನಾನೆಲ್ಗೂ ಓಗಕಿಲ್ಲ," ಎಂದಳು.

ಚಿಕ್ಕಮರೀಗೌಡ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ನಡೀತಾ ಅವ್ಳಲ್ಲಯ್ಯ ಸಿದ್ದಯ್ಯ. ಇನ್ನೇನ್ ನ್ಯಾಯ ಐತೆ ಇದ್ರಾಗೆ?" ಎಂದ.

"ನಂಗೇನ್ ಗೊತ್ತಿತ್ತು ಗೌಡ್ರೇ. ಮಲಗ್ಬುಟ್ಟವ್ಳೆ ಅಂತ ಯೋಳಿದ್ರು, ಬಂದೆ." ಸಿದ್ದಯ್ಯ ಟವೆಲು ಕೊಡವಿ ಎದ್ದ. "ಕಾಯ್ಲೆ ಇಲ್ಲ ಕಸಾಲೆ ಇಲ್ಲ. ಸಂಸಾರ ಮಾಡ್ಕಂಡಿರ್ಲಿ ಬುಡಿ."

ಲೋಕೇಶನ ಮುಖದಲ್ಲಿ ತಂಗಿ ಗೆದ್ದಳೆಂಬ ಹಿಗ್ಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳನ್ನು ಕರೆದುಕೊಂಡು ಹೋಗುವ ಪ್ರಮೇಯ ತಪ್ಪಿತೆಂಬ ನಿರಾಳವಿತ್ತು. ಗೌರಿ ಅದನ್ನು ಕಂಡಳು. ಜಯಕುಮಾರ್ ಮಾತ್ರ ಹೆಂಡತಿಯ ನಡುಗುವ ತೊಡೆ ನೋಡಿ ತಾನು ಕೂತಿದ್ದ ಕುರ್ಚಿಯನ್ನು ಅವಳ ಕಡೆ ಸರಿಸಿದ.

ಕಾಫಿಯ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದ ಶಿವಲಿಂಗಮ್ಮ ಒಂದೇ ಮಾತು ಕೇಳಿದಳು.

"ಯಾವಾಗಿಂದ?"

"ಒಸಿ ದಿನದಿಂದ ಅತ್ತೆ. ಮೊದ್ಲು ಮನ್ಸಲ್ಲೇ ನಡೀತಿದ್ದೆ. ಆಮೇಲೆ..."

"ಮನ್ಸಲ್ಲಿ," ಎಂದಳು ಶಿವಲಿಂಗಮ್ಮ. ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದಳು.

ಅವತ್ತೇ ಸಂಜೆ ಮಂಚ ನಡುಮನೆಯಿಂದ ಹುಳದ ಮನೆಗೆ ಹೋಯಿತು. ಬಚ್ಚಲಲ್ಲಿ ಕೂರಲು ಇಟ್ಟಿದ್ದ ಮಣೆ ಹೋಯಿತು. ಒಲೆ, ಮುಸುರೆ, ನೀರು ಎಲ್ಲ ಗೌರಿಯ ಪಾಲಿಗೆ ಬಂದವು. ಶಿವಲಿಂಗಮ್ಮ ಬೈಯಲಿಲ್ಲ, ಜಗಳವಾಡಲಿಲ್ಲ. ಸೊಸೆಯ ಮೈ ಮುಟ್ಟುವುದನ್ನು ನಿಲ್ಲಿಸಿದಳು, ಅಷ್ಟೆ. ಮುಂದಿನ ವಾರ ಬಂದ ರಮ್ಯಾ ಬಿಡಿಸಿ ಹೇಳಲು ನೋಡಿದಳು. "ಅಮ್ಮ, ನಡೆದ್ರು ಅಂದ್ರೆ ಕಾಯಿಲೆ ಹೋಯ್ತು ಅಂತಲ್ಲ. ಇವತ್ತು ಬಂದ ಶಕ್ತಿ ನಾಳೆ ಇರುತ್ತೆ ಅಂತ ಇಲ್ಲ. ಅವರು ನಿಮಗೆ ಮೋಸ ಮಾಡಿಲ್ಲ."

"ನಾನಿವಳ ಉಚ್ಚೆ ಬಾಚಿವ್ನಿ ಕಣಮ್ಮ. ನನ್ ಬೆನ್ ನೋಡು, ಎಂಗೆ ಬಗ್ಗೋಗೈತೆ ಅಂತ. ನೀವಿಬ್ರೂ ಬಾಗ್ಲು ಹಾಕ್ಕಂಡು ಆಡಿದ ಆಟ ನಂಗೆ ತಿಳ್ಯಾಕಿಲ್ವಾ? ವಾಸಿ ಆದೋಳ ಮನೆಗೆ ನೀನ್ ಇನ್ಯಾಕೆ ಬತ್ತೀಯ, ಓಗು."

ರಮ್ಯಾ ಬರುವುದು ನಿಂತಿತು.

ಬೇಸಿಗೆ ಏರಿತು. ಈ ಕಾಯಿಲೆಗೆ ಕಾವು ಆಗದು. ಒಲೆಯ ಮುಂದೆ ನಿಂತರೆ ಗೌರಿಗೆ ಕಣ್ಣು ಮಂಜಾಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಕಾಲು ಸೀಸದಂತಾಗುತ್ತಿದ್ದವು. ಮುದ್ದೆ ತೊಳಸುತ್ತ ತೊಳಸುತ್ತ ಕುಸಿದು ಕೂತರೆ ಶಿವಲಿಂಗಮ್ಮ ಗೋಡೆಗೆ ಹೇಳುವಂತೆ, "ನಾಕ್ ಜನ ಗಂಡಸ್ರ ಮುಂದೆ ನಡೆಯಕ್ಕಾಯ್ತದೆ, ಒಲೆ ಮುಂದೆ ನಿಲ್ಲಕ್ಕಾಗಕಿಲ್ಲ," ಎನ್ನುತ್ತಿದ್ದಳು. ಜಯಕುಮಾರನಿಗೆ ಹೇಳಿದರೆ, "ಅವ್ವನ್ಗೂ ವಯಸ್ಸಾಯ್ತಲ್ಲ, ಒಸಿ ಸುದಾರಿಸ್ಕಂಡು ಮಾಡು," ಎಂದು ಶಿಫ್ಟಿಗೆ ಹೊರಡುತ್ತಿದ್ದ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಗೌರಿ ಒಗೆಯುವ ಕಲ್ಲಿನ ಮೇಲೆಯೇ ಬಿದ್ದಳು. ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ತೆವಳಲು ನೋಡಿದಳು, ಕೈಗಳೂ ಮಾತು ಕೇಳಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಆಟವಾಡುತ್ತಿದ್ದ ಮಗಳನ್ನು ಕರೆದು, ಅಜ್ಜಿಗೆ ಹೇಳಿ ಬಾ ಎಂದು ಕಳಿಸಿದಳು. ನವ್ಯಶ್ರೀ ಓಡಿಹೋಗಿ ಮೆಲ್ಲಗೆ ವಾಪಸು ಬಂದಳು.

"ನಾಟ್ಕ ಸಾಕು ಎದ್ ಬರಕೇಳು ಅಂದ್ಳು ಅಜ್ಜಿ."

"ಇಲ್ಲ ಮಗ, ಕಾಲು ಬತ್ತಾ ಇಲ್ಲ. ಇನ್ನೊಂದ್ಸಲ ಓಗಿ ಯೋಳು."

ಮಗು ಹೋಗಲಿಲ್ಲ. ತಾಯಿಯ ಕಾಲನ್ನು ನೋಡುತ್ತ ನಿಂತಿತು. ಆಮೇಲೆ ಅಜ್ಜಿಯದೇ ದನಿಯಲ್ಲಿ, "ಏಳವ್ವ, ಸಾಕು," ಎಂದಿತು.

ಮೊದಲ ಶಿಫ್ಟು ಮುಗಿಸಿ ಜಯಕುಮಾರ್ ಬರುವವರೆಗೆ ಅವಳು ಆ ಕಲ್ಲಿನ ಮೇಲೆಯೇ ಇದ್ದಳು. ಎತ್ತಿದಾಗ ಎಡತೊಡೆಯ ಚರ್ಮ ಕಲ್ಲಿಗೆ ಅಂಟಿಕೊಂಡು ಸುಲಿದುಬಂತು. ಬೆಂದುಹೋಗಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಜಯಕುಮಾರನಿಗೆ ಹೇಳಬೇಕಾದದ್ದನ್ನು ಈ ಸಲ ಶಿವಲಿಂಗಮ್ಮನಿಗೂ ಸೇರಿಸಿ ಹೇಳಿದರು. ನರದ ಹೊದಿಕೆ ಇನ್ನೂ ಕೆಲವು ಕಡೆ ಕಿತ್ತಿದೆ, ಬಿಸಿಲಿನಲ್ಲಿ ಬಿಟ್ಟವರು ಯಾರು, ಮನೆಯವರಿಗೆ ಬುದ್ಧಿ ಇಲ್ಲವೇ ಎಂದು ಕೇಳಿದರು. ಶಿವಲಿಂಗಮ್ಮ ಸೆರಗು ಬಾಯಿಗೊತ್ತಿ ನಿಂತಿದ್ದಳು. ಮನೆಗೆ ಬಂದ ದಿನ ಹುಳದ ಮನೆಯಿಂದ ಮಂಚವನ್ನು ತಾನೇ ಎಳೆದು ತಂದು ನಡುಮನೆಯಲ್ಲಿ ಹಾಕಿದಳು. ತಪ್ಪಾಯಿತು ಎಂದು ಹೇಳಲಿಲ್ಲ. ಸುಟ್ಟ ಗಾಯಕ್ಕೆ ಔಷಧಿ ಹಚ್ಚುವಾಗ ಉಸಿರು ಬಿಗಿಹಿಡಿದು ಹಚ್ಚಿದಳು. ಬಾಯಿಯ ಒರಟುತನವೂ ಹೋಯಿತು. ನವ್ಯಶ್ರೀಯನ್ನು ಅವಳ ತಾಯಿಯ ಮಗ್ಗುಲಲ್ಲೇ ಕೂರಿಸಿ ಉಣ್ಣಿಸಿದಳು.

ಸಿದ್ದಯ್ಯ ಮತ್ತೊಮ್ಮೆ ಬಂದ. ಅದೇ ಮಾತು ತೆಗೆದ. ಶಿವಲಿಂಗಮ್ಮ ಅವನನ್ನು ಮಾತು ಮುಗಿಸಲು ಬಿಡಲಿಲ್ಲ.

"ಅವ್ಳೆಲ್ಗೂ ಓಗಕಿಲ್ಲ ಕಣಣ್ಣ. ಸುಟ್ಟೋಳು ನಾನು, ನೋಡ್ಕಳಾಳೂ ನಾನೇ. ಅವಳ ಕಾಲು ಓಯ್ತು, ಇನ್ ಬರಕಿಲ್ಲ. ಈ ಮನೇಲೇ ಮಲಗಿರ್ತಳೆ."

ಗೌರಿ ಮಂಚದ ಮೇಲಿಂದ ಕೇಳಿಸಿಕೊಂಡಳು. ಅತ್ತೆಯ ದನಿಯಲ್ಲಿ ದುಃಖವಿತ್ತು. ಇನ್ನು ಬರುವುದಿಲ್ಲ ಎನ್ನುವಾಗ ಆ ದುಃಖದೊಳಗೆ ಒಂದು ನೆಮ್ಮದಿಯೂ ಇತ್ತು. ಈ ಮನೆ, ಈ ಮಗಳು, ತೊಡೆಯ ಮೇಲಿನ ಆ ಮೆದು ಕೈ, ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿದೆ ಎಂದು ಅವಳಿಗೆ ಅರ್ಥವಾಯಿತು. ಎದ್ದು ನಿಂತರೆ ಮತ್ತೆ ಅದೇ ಒಲೆ, ಅದೇ ಒಗೆಯುವ ಕಲ್ಲು, ನಾಟಕದವಳೆಂಬ ಅದೇ ಮಾತು.

ಆದರೆ ಮನಸ್ಸಿಗೆ ನಡೆಯುವುದು ರೂಢಿಯಾಗಿಹೋಗಿತ್ತು. ಬೇಡವೆಂದರೂ ಕಣ್ಣು ಮುಚ್ಚಿದಾಗ ಪಾದ ಪೆಡಲ್ ಹುಡುಕುತ್ತಿತ್ತು. ಗಾಯ ಮಾಗಿ ಮುಂಗಾರು ಹಿಡಿದು ತಂಪಾದ ಮೇಲೆ ಹೆಬ್ಬೆರಳು ಅಲ್ಲಾಡಿತು. ಮತ್ತೆ ಕೆಲವು ವಾರಕ್ಕೆ ಮಂಡಿ ಬಗ್ಗಿತು. ಅತ್ತೆ ಸೊಪ್ಪು ಕುಯ್ಯಲು ಹೋಗಿ, ಮಗಳು ಸ್ಕೂಲಿಗೆ ಹೋಗಿ ಮನೆ ಖಾಲಿಯಾದಾಗ ಗೌರಿ ಕಿಟಕಿಯ ಸರಳು ಹಿಡಿದು ನಿಲ್ಲತೊಡಗಿದಳು. ಬಾಗಿಲ ಚಿಲಕ ಸದ್ದಾದರೆ ತಟ್ಟನೆ ಮಲಗಿ, ಕಾಲನ್ನು ಮೊದಲಿದ್ದಂತೆಯೇ ಸೊಟ್ಟಗೆ ಬಿಡುತ್ತಿದ್ದಳು. ಅವತ್ತು ಜಗಲಿಗೆ ನಡೆದುಬಂದ ಮೇಲೆ ಮನೆಯವರು ಅವಳ ಮೇಲೆ ಹೊರಿಸಿದ್ದ ಸುಳ್ಳನ್ನು ಈಗ ಅವಳು ನಿಜವಾಗಿಯೂ ಹೇಳುತ್ತಿದ್ದಳು.

ಶಿವಲಿಂಗಮ್ಮನೇ ಹೇಳಿ ಕಳಿಸಿದ್ದರಿಂದ ರಮ್ಯಾ ಮತ್ತೆ ಬರುತ್ತಿದ್ದಳು. ಒಂದು ದಿನ ಗೌರಿಯ ಪಾದವನ್ನು ಅಂಗೈಯಲ್ಲಿ ಹಿಡಿದು, "ಬಲಗಾಲಲ್ಲಿ ನನ್ನ ಕೈ ಒತ್ತಿ ಅಕ್ಕ," ಎಂದಳು.

ಗೌರಿ ಒತ್ತಲಿಲ್ಲ.

"ಎಡಗಾಲು?"

ಒತ್ತಲಿಲ್ಲ.

"ಮನಸ್ಸಲ್ಲಿ ಮಾಡ್ತಿದ್ದೀರಾ? ಅವತ್ತು ಎಷ್ಟು ಚೆನ್ನಾಗಿ ಬರ್ತಿತ್ತು ನಿಮಗೆ."

ಶಿವಲಿಂಗಮ್ಮ ಬಾಗಿಲ ಬಳಿ ರಾಗಿ ಹಸನು ಮಾಡುತ್ತಿದ್ದಳು. ಗೌರಿ ಒಮ್ಮೆ ಅತ್ತ ನೋಡಿದಳು. ತನ್ನನ್ನು ಮೊದಲಿನಿಂದ ನಂಬಿದವಳು ಈ ಹುಡುಗಿ ಒಬ್ಬಳೇ ಎಂದು ಗೊತ್ತಿತ್ತು. ಹೇಳಿದರೆ ಅವಳು ಸಂತೋಷಕ್ಕೆ ತಡೆಯಲಾರದೆ ಎಲ್ಲರನ್ನೂ ಕರೆದು ಹೇಳುತ್ತಾಳೆ ಎಂದೂ ಗೊತ್ತಿತ್ತು.

"ಇಲ್ಲ ಕಣವ್ವ. ಕಣ್ಮುಚ್ಚುದ್ರೆ ಬರೀ ಕತ್ಲೆ."

ರಮ್ಯಾ ಪಾದವನ್ನು ಕೆಳಗಿಟ್ಟು ಅದರ ಮೇಲೆ ಕೈಯಿಟ್ಟು ಕೂತಳು. "ತಪ್ಪು ನಂದೇ ಅಕ್ಕ. ನಿಮಗೆ ಸುಮ್ಮನೆ ಆಸೆ ಹುಟ್ಟಿಸಿಬಿಟ್ಟೆ. ಮನಸ್ಸಲ್ಲಿ ಮಾಡೋದರಿಂದ ಆಯ್ತು ಅಂದ್ಕೊಂಡಿದ್ದೆ. ಅದು ತಾನಾಗಿ ಬಂದು ತಾನಾಗಿ ಹೋಯ್ತೇನೋ." ಇನ್ನು ಮುಂದೆ ಈ ಅಭ್ಯಾಸವನ್ನು ಬೇರೆಯವರಿಗೂ ಹೇಳಿಕೊಡುವುದಿಲ್ಲ ಎಂದಳು. ಪಕ್ಕದ ಹಳ್ಳಿಗಳಲ್ಲಿ ಕಾಯುವವರು ಬಹಳ ಜನ ಇದ್ದಾರೆ, ಆದಾಗ ಬಂದು ನೋಡಿಹೋಗುತ್ತೇನೆ ಎಂದಳು. ಬಾಗಿಲಲ್ಲಿ ಒಮ್ಮೆ ತಿರುಗಿ ನಿಂತಳು, ಗೌರಿ ಏನಾದರೂ ಹೇಳುತ್ತಾಳೇನೋ ಎಂಬಂತೆ. ಗೌರಿ ಗೋಡೆಯ ಕಡೆ ಮುಖ ಮಾಡಿದಳು. ಸ್ಕೂಟರು ಬೀದಿ ದಾಟಿ ಟಾರು ರಸ್ತೆಗೆ ಹತ್ತಿದ ಸದ್ದು ಕೇಳಿತು.

ಶಿವಲಿಂಗಮ್ಮ ಮೊರ ಬದಿಗಿಟ್ಟು ಬಂದಳು. ಸೊಸೆಯ ಕೆನ್ನೆ ಒದ್ದೆಯಾಗಿತ್ತು.

"ಕಾಲಿಗ್ಯಾಕೆ ಅಳ್ತೀಯಮ್ಮಿ, ಬುಡು. ನಾನಿಲ್ವಾ," ಎಂದು ಸೆರಗಿನಿಂದ ಒರೆಸಿದಳು. ಆಮೇಲೆ ಮಗ್ಗುಲು ತಿರುಗಿಸಲು ಒಂದು ಕೈ ಸೊಂಟದಡಿಗೆ, ಒಂದು ಕೈ ಮಂಡಿಯಡಿಗೆ ಹಾಕಿ, ನೋಯುವ ಬೆನ್ನಿನಿಂದ ಮುಕ್ಕರಿದು ಎತ್ತಿದಳು. ಆ ಕೈಗೆ ನೆರವಾಗಲು ತಾನಾಗಿ ಮಡಿಸಿಕೊಳ್ಳಹೊರಟ ಮಂಡಿಯನ್ನು ಗೌರಿ ಕಣ್ಣು ಮುಚ್ಚಿ ಒಳಗೇ ತಡೆದು ಹಿಡಿದಳು.